ಕ್ರೇನಿನ ಮೇಲಿನ ಮೇಡಂ

ಫೆಬ್ರುವರಿ ೪

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ಕೆಳಗೆ ಎಲ್ಲ ಕ್ಷೇಮ. ಮೇಲೆ ಮಾತ್ರ ಒಂದು ಬೆಕ್ಕಿದೆ.

ಮೇಲೆ ಅಂದರೆ ನನ್ನ ಕ್ರೇನಿನ ಮೇಲೆ. ನೀವು ನನ್ನ ಜೊತೆ ಫೋನಿನಲ್ಲಿ ಮಾತಾಡಿ ಒಂದು ವರ್ಷವಾಯಿತು. ನನ್ನ ದನಿ ಕೇಳಿದ ಕೂಡಲೇ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೀರಿ. ಅದಕ್ಕೇ ಈ ಕಾಗದ. ಇದನ್ನೂ ಅಮ್ಮನ ಕೈಗೇ ಕೊಡುತ್ತೀರಿ, ಗೊತ್ತು. ಆದರೆ ಅಮ್ಮ ಏನು ಓದಿದರೂ ಗಟ್ಟಿಯಾಗಿ ಓದುತ್ತಾಳೆ, ಹಾಗಾಗಿ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ನಾನು ಕ್ರೇನಿನ ಕೆಲಸಕ್ಕೆ ಸೇರಿದಾಗ "ನೀನು ಆ ಏಣಿ ಹತ್ತೋದಾದ್ರೆ ಹತ್ತು, ನಾನು ಮಾತ್ರ ತಲೆ ಎತ್ತಿ ನೋಡಲ್ಲ" ಅಂದಿರಿ. ಸರಿ, ನೋಡಬೇಡಿ. ಕೇಳಿ.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಬೀದಿನಾಯಿಗಳ ದೊಡ್ಡ ಗಲಾಟೆ. ನಾನು ದಿನದಂತೆ ಏಣಿ ಹತ್ತಿ ಕ್ಯಾಬಿನ್ನಿನಲ್ಲಿ ಕೂತೆ. ಯಂತ್ರ ಶುರು ಮಾಡುವ ಮೊದಲು ಅಭ್ಯಾಸದಂತೆ ಹಿಂದಿನ ಕಿಟಕಿಯಲ್ಲಿ ಕಣ್ಣಾಡಿಸಿದೆ. (ಅಮ್ಮ ಓದುತ್ತಿರುವುದರಿಂದ ಬಿಡಿಸಿ ಬರೆಯುತ್ತೇನೆ. ಅಮ್ಮಾ, ಕ್ರೇನಿಗೆ ಮುಂದೆ ಉದ್ದನೆಯ ತೋಳು, ಕೊಕ್ಕೆಯನ್ನು ಹೊತ್ತು ಅದರುದ್ದಕ್ಕೂ ಓಡಾಡುವ ಟ್ರಾಲಿ, ಹಿಂದೆ ಗಿಡ್ಡ ತೋಳು. ಹಿಂದಿನದರ ಮೇಲೆ ಉಕ್ಕಿನ ಹಗ್ಗ ಸುತ್ತುವ ದೊಡ್ಡ ಉರುಳೆ ಇರುತ್ತದೆ, ಅದರ ಹೆಸರು ವಿಂಚ್. ಅದರಾಚೆ, ತೀರಾ ತುದಿಯಲ್ಲಿ, ತೂಕಕ್ಕೆಂದು ಕಾಂಕ್ರೀಟಿನ ದಿಮ್ಮಿಗಳು.) ವಿಂಚಿನ ಪಕ್ಕದಲ್ಲಿ ಎರಡು ಕಣ್ಣು! ಬೂದು ಬಣ್ಣದ ಬೆಕ್ಕು, ಮೈಯೆಲ್ಲ ಧೂಳು, ಒಂದು ಕಿವಿ ಹರಿದಿದೆ. ನಾಯಿಗಳಿಗೆ ಹೆದರಿ ಏಣಿಯ ಬುಡದಿಂದ ತುದಿಯವರೆಗೂ ಓಡಿಬಂದಿದೆ, ಅಪ್ಪ! ನಾನು ನೋಡದೆ ಗುಂಡಿ ಒತ್ತಿದ್ದರೆ ಹಗ್ಗದ ಜೊತೆ ಅದನ್ನೂ ಸುತ್ತಿಬಿಡುತ್ತಿತ್ತು.

ಹಾರ್ನ್ ಹೊಡೆದೆ. ಬೆಕ್ಕು ಒಂದೇ ನೆಗೆತಕ್ಕೆ ದಿಮ್ಮಿಗಳ ಮೇಲೆ. ಕೆಳಗಿನಿಂದ ಇಂಜಿನಿಯರ್ ವಾಕಿಟಾಕಿಯಲ್ಲಿ ಕೂಗಿದರು: "ಏನ್ರೀ, ಕಾಂಕ್ರೀಟ್ ಗಟ್ಟಿಯಾಗ್ತಾ ಇದೆ, ಮೇಲೆ ನಿದ್ದೆ ಮಾಡ್ತಿದೀರಾ?"

"ಇಲ್ಲಿ ಬೆಕ್ಕಿದೆ ಸಾರ್."

"ಇಲ್ಲಿ ಇಲಿ ಇದೆ. ಅದಕ್ಕೇನೀಗ?"

ಕೊನೆಗೆ ಒಂದು ಕಣ್ಣು ಕನ್ನಡಿಯಲ್ಲಿಟ್ಟು, ಪ್ರತಿ ಸಲ ಹಾರ್ನ್ ಹೊಡೆದು ಕೆಲಸ ಮುಗಿಸಿದೆ. ಅದು ಕೆಳಗೆ ಇಳಿಯುವ ಯೋಚನೆಯನ್ನೇ ಮಾಡಲಿಲ್ಲ. ಏಣಿಯ ಬಾಯಿಯವರೆಗೂ ಬರುತ್ತದೆ, ಕೆಳಗೆ ನೋಡುತ್ತದೆ, ನನ್ನ ಮೇಲೆ ಸಿಟ್ಟಾಗಿ ವಾಪಸು ಹೋಗುತ್ತದೆ. ಸಂಜೆ ಗಾಳಿ ಎದ್ದಿತು. ರಾತ್ರಿಯೆಲ್ಲ ತೋಳು ಆ ಕಡೆ ಈ ಕಡೆ ತಿರುಗುತ್ತಿದ್ದರೆ ಪಾಪದ್ದು ಹೆದರಿ ಸಾಯುತ್ತದೆಂದು, ಬ್ರೇಕು ಹಾಕಿ ಇಳಿದುಬಂದಿದ್ದೇನೆ. ಒಂದು ರಾತ್ರಿ ತಾನೇ.

ಅದನ್ನು ಇಳಿಸುವುದು ಹೇಗೆ? ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ನಿಮ್ಮ ಮಗಳು


ಫೆಬ್ರುವರಿ ೮

ಕ್ರೇನ್ ಚಾಲಕಿಯವರಿಗೆ,

ಬ್ರೇಕು ಹಾಕಿ ಇಳಿದೆಯಾ? ಬೆಕ್ಕಿಗಾಗಿ? ತಲೆ ನೆಟ್ಟಗಿದೆಯಾ ನಿನಗೆ?

ಕೆಲಸ ಮುಗಿದ ಮೇಲೆ ಕೊಕ್ಕೆ ಮೇಲೆ, ಟ್ರಾಲಿ ಒಳಗೆ, ಬ್ರೇಕು ಸಡಿಲ. ನೀನು ತೊದಲು ಮಾತಾಡುವಾಗಲೇ ನಾನು ಇದನ್ನು ನಿನಗೆ ಹಾಡಿನ ಹಾಗೆ ಹೇಳಿಕೊಡುತ್ತಿದ್ದೆ. ತೋಳನ್ನು ಗಾಳಿ ಎತ್ತ ತಿರುಗಿಸಿದರೆ ಅತ್ತ ತಿರುಗಲು ಬಿಡಬೇಕು. ಕಟ್ಟಿಹಾಕಿದರೆ ಗಾಳಿ ಪಕ್ಕೆಗೆ ಗುದ್ದುತ್ತದೆ. ಆಮೇಲೆ ಬೆಕ್ಕು, ಕ್ರೇನು, ಪಕ್ಕದ ಬೀದಿ ಎಲ್ಲ ಒಂದೇ ಗುಡ್ಡೆ. ಬೆಕ್ಕಿಗೆ ಉಗುರಿದೆ, ಹಿಡಿದುಕೊಳ್ಳುತ್ತದೆ. ಕ್ರೇನಿಗೆ ಉಗುರಿಲ್ಲ.

ಫೋನಿನಲ್ಲಿ ಮಾತಾಡುವುದಿಲ್ಲ ಎಂದಿದ್ದೆ. ಬರೆಯುವುದಿಲ್ಲ ಎಂದಿರಲಿಲ್ಲ. ಆದ್ದರಿಂದ ನನ್ನ ಮಾತು ಈಗಲೂ ಮಾತೇ.

ಇಂತಿ,
ನಿವೃತ್ತ ಕ್ರೇನ್ ಚಾಲಕ

(ಅಮ್ಮನ ಅಕ್ಷರ: ಕಾಗದ ನಾನು ಅರ್ಧ ಓದಿದ್ದೆ ಅಷ್ಟೇ, ಕೈಯಿಂದ ಕಿತ್ತುಕೊಂಡರು. ಎಲ್ಲೆಲ್ಲೋ ವಿಚಾರಿಸಿ ನಿಮ್ಮ ಸೈಟಿನ ಆಫೀಸಿಗೆ ಫೋನ್ ಮಾಡಿ ಇಂಜಿನಿಯರಿಗೂ ಬೈದರು. ಆಮೇಲೆ ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡಿದರು. ನಿನ್ನ ಅಪ್ಪನಿಗೆ ಇರುವುದು ಭಯ ಕಣೇ. ಕೋಪ ಅಂತ ಹೆಸರಿಟ್ಟುಕೊಂಡಿದ್ದಾರೆ. ಹೊಟ್ಟೆಗೆ ಸರಿಯಾಗಿ ತಿನ್ನು.)


ಫೆಬ್ರುವರಿ ೧೫

ಅಪ್ಪನಿಗೆ ನಮಸ್ಕಾರಗಳು.

ಬೈಗುಳ ತಲುಪಿತು. ಇಂಜಿನಿಯರ್ ನನ್ನನ್ನು ಕರೆದು, "ಯಾರ್ರೀ ಅದು ಫೋನಲ್ಲಿ? ನಮ್ಮ ಚೇರ್ಮನ್ ಕೂಡ ನನಗೆ ಹಾಗೆ ಬೈದಿಲ್ಲ" ಅಂದರು. ನನ್ನ ತಂದೆ ಎಂದೆ. "ಸರಿಯಾಗೇ ಬೈದ್ರು ಬಿಡಿ" ಅಂದರು.

ಆದರೆ ಅಪ್ಪ, ಅವತ್ತು ರಾತ್ರಿ ನನ್ನ ಮೊದಲ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದು ಊಟಕ್ಕೆ ಕೂತಿದ್ದೆ. ಕಿಟಕಿಯ ಬಾಗಿಲು ಫಟಾರನೆ ಬಡಿಯಿತು. ನಿಮ್ಮ ಹಾಡು ಕಿವಿಯಲ್ಲೇ ಕೇಳಿಸಿತು: ಕೊಕ್ಕೆ ಮೇಲೆ, ಟ್ರಾಲಿ ಒಳಗೆ. ತಟ್ಟೆ ಅಲ್ಲೇ ಬಿಟ್ಟು ಓಡಿದೆ. ಕಾವಲುಗಾರನಿಂದ ಗೇಟು ತೆಗೆಸಿ, ಹತ್ತಿ, ಬ್ರೇಕು ಸಡಿಲಿಸಿ ಬಂದೆ. ತೋಳು ಗಾಳಿಗೆ ಸರ್ರನೆ ತಿರುಗಿತು. ಡಬ್ಬಿಗೆ ಬಿದ್ದ ಕಾಗದವನ್ನು ಮಾತ್ರ ವಾಪಸು ತೆಗೆಯಲಾಗಲಿಲ್ಲ. ನಿಮ್ಮನ್ನು ಸುಮ್ಮನೆ ನಡುಗಿಸಿದೆ, ಕ್ಷಮಿಸಿ.

ನೀವು ಹೇಳಿದ್ದೇ ನಿಜ, ಅದಕ್ಕೆ ಉಗುರಿದೆ. ಬೆಳಿಗ್ಗೆ ಹೋಗಿ ನೋಡಿದರೆ ದಿಮ್ಮಿಗಳ ನಡುವಿನ ಸಂದಿಯಲ್ಲಿ ಕೂತು ರಾಣಿಯ ಹಾಗೆ ಆಕಳಿಸುತ್ತಿದೆ. ಈಗ ಸೈಟಿನಲ್ಲಿ ಎಲ್ಲರೂ ಅದನ್ನು "ಮೇಡಂ" ಅನ್ನುತ್ತಾರೆ. ಮೇಲಿಂದ ಎಲ್ಲರ ಕೆಲಸ ನೋಡುತ್ತದೆ, ಯಾರದೂ ಮೆಚ್ಚುವುದಿಲ್ಲ. ಕೆಳಗೆ ನಿಂತು ನನಗೆ ಕೈಸನ್ನೆ ಮಾಡುವ ಹಿರಿಯರೊಬ್ಬರಿದ್ದಾರೆ, ನಾವು ಸನ್ನೆ ಮಾಮ ಎನ್ನುತ್ತೇವೆ. ಅವರು ಬೆಳಿಗ್ಗೆ ಬಂದವರೇ ಮೊದಲು ಕೇಳುವುದು, "ಮೇಡಂ ಟೀ ಆಯ್ತಾ?"

ನಾನು ದಿನಾ ನೀರು, ಬ್ರೆಡ್ಡು, ಮೀನಿನ ಚೂರು ಒಯ್ಯುತ್ತೇನೆ. ಹಾರ್ನ್ ಹೊಡೆದ ಕೂಡಲೇ ಮೇಡಂ ಎದ್ದು ವಿಂಚಿನಿಂದ ದೂರ ಹೋಗಿ ಕೂರುತ್ತಾಳೆ. ಮೈ ಮಾತ್ರ ಮುಟ್ಟಗೊಡುವುದಿಲ್ಲ. ಪೆಟ್ಟಿಗೆಯಲ್ಲಿ ಮೀನಿಟ್ಟು ಕಾದೆ. ಕಾಗೆ ತಿಂದು ಹೋಯಿತು, ಮೇಡಂ ಅದನ್ನು ನಿಂತು ನೋಡಿದಳು. ಮೊನ್ನೆ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ಟವೆಲ್ ಹಿಡಿದು ಹಿಂದಿನ ತೋಳಿನ ಹಾದಿಯಲ್ಲಿ ಮೆಲ್ಲಗೆ ನಡೆದೆ. ಅವಳು ಹಿಂದೆ ಹಿಂದೆ ಸರಿದು ಕೊನೆಯ ದಿಮ್ಮಿಯ ಅಂಚಿಗೆ ಹೋದಳು, ಹಿಂಗಾಲು ಜಾರಿತು! ನಾನು ಅಲ್ಲೇ ಕುಕ್ಕರಿಸಿದೆ. ಅವಳು ಹೇಗೋ ಪರಚಿಕೊಂಡು ಮೇಲೆ ಬಂದಳು. ಇನ್ನು ಬಲವಂತ ಇಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ. ಆದರೆ ಮುಂದೇನು?

ನಿಮ್ಮ ಮಗಳು


ಫೆಬ್ರುವರಿ ೨೪

ಮಗಳಿಗೆ,

ವಿಂಚನ್ನು ದಾಟಿ ಆಚೆ ಕಾಲಿಟ್ಟೀಯ ಜೋಕೆ. ಬೆಕ್ಕಿನ ಕಾಲು ಜಾರಿದ್ದನ್ನು ಬರೆದಿದ್ದೀಯ. ನಿನ್ನ ಕಾಲು ಎಲ್ಲಿತ್ತು ಎಂದು ಬರೆದಿಲ್ಲ.

ಕೆಲಸ ನಿಂತ ಮೇಲೆ ಮೇಡಂ ಎಲ್ಲಿ ಮಲಗುತ್ತಾಳೆ, ನೋಡಿದ್ದೀಯಾ? ನೋಡಿರುವುದಿಲ್ಲ, ಏಣಿ ಇಳಿಯುವ ಆತುರ ನಿಮಗೆಲ್ಲ. ವಿಂಚಿನ ಮೋಟಾರಿನ ಪಕ್ಕದಲ್ಲಿ ನೋಡು. ಇಡೀ ದಿನ ಓಡಿದ ಮೋಟಾರು ಸಂಜೆ ಸುಮಾರು ಹೊತ್ತು ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ನಾನೇ ಅಲ್ಲಿ ಬೆನ್ನು ಕಾಯಿಸಿಕೊಂಡಿದ್ದೇನೆ. ಬೆಚ್ಚಗಿರುವ ಜಾಗವನ್ನು ಯಾವ ಬೆಕ್ಕೂ ಬಿಡುವುದಿಲ್ಲ.

ಪಾರ್ಸೆಲ್ಲಿನಲ್ಲಿ ನನ್ನ ಹಳೆಯ ಕ್ಯಾನ್ವಾಸ್ ಚೀಲ ಕಳಿಸಿದ್ದೇನೆ. ನಿಮ್ಮಮ್ಮ ಕಟ್ಟಿಕೊಡುತ್ತಿದ್ದ ಬುತ್ತಿಯನ್ನು ಕೆಳಗಿನವರು ಇದರಲ್ಲಿಡುತ್ತಿದ್ದರು, ನಾನು ಹಗ್ಗದಿಂದ ಸೇದಿಕೊಳ್ಳುತ್ತಿದ್ದೆ. ಬಾಯಿ ತೆರೆದು ಮೋಟಾರಿನ ಪಕ್ಕದಲ್ಲಿಡು. ಒಳಗೆ ಹಳೆ ಬಟ್ಟೆ ಹಾಸು. ಮೀನು ಇಡಬೇಡ, ಕಾಗೆಗಳ ಮದುವೆಯಾಗುತ್ತದೆ. ಅವಳೇ ಒಳಹೋಗಿ ಮಲಗುವುದು ರೂಢಿಯಾಗುವ ತನಕ ಚೀಲದ ಬಾಯಿ ಬಿಗಿಯುವ ದಾರಕ್ಕೆ ಕೈ ಹಚ್ಚಬೇಡ. ಒಂದು ಸಲ ತಪ್ಪಿದರೆ ಜನ್ಮದಲ್ಲಿ ಆ ಚೀಲದ ಕಡೆ ಸುಳಿಯುವುದಿಲ್ಲ.

ಚೀಲ ಎಸೆಯಬೇಕೆಂದಿದ್ದೆ. ಬೆಕ್ಕಿಗೆ ಕಳಿಸಿದ್ದು. ನಿನಗಲ್ಲ.

ಇಂತಿ,
ನಿವೃತ್ತ ಚಾಲಕ, ನಿನ್ನ ತಂದೆ


ಮಾರ್ಚ್ ೧೦

ಅಪ್ಪಾ, ಅಪ್ಪಾ, ಮಲಗಿದಳು!

ಮೊದಲ ವಾರ ಚೀಲವನ್ನು ಕಂಡರೆ ಬಾಲ ಉಬ್ಬಿಸುತ್ತಿದ್ದಳು. ಆಮೇಲೆ ಮೂಸಿದಳು. ಆಮೇಲೆ ಚೀಲದ ಮೇಲೆ ಕೂತಳು. ಮೊನ್ನೆ ಕೆಲಸ ನಿಂತ ಮೇಲೆ ನಾನು ಕ್ಯಾಬಿನ್ನಿನಲ್ಲೇ ಕಾದೆ. ಸುತ್ತಮುತ್ತ ನೋಡಿ, ತಲೆ ತೂರಿಸಿ, ಒಳಗೆ ಹೋಗಿ, ಎರಡು ಸುತ್ತು ತಿರುಗಿ ಉಂಡೆಯಾಗಿಬಿಟ್ಟಳು. ನನ್ನ ಖುಷಿ ತಡೆಯಲಾರದೆ ವಾಕಿಟಾಕಿಯಲ್ಲಿ ಕಿರುಚಿದೆ. ಕೆಳಗೆ ಸನ್ನೆ ಮಾಮ ಎರಡೂ ಕೈ ಎತ್ತಿ ಕುಣಿದರು. ಆ ಸನ್ನೆಗೆ ಯಾವ ಪುಸ್ತಕದಲ್ಲೂ ಅರ್ಥವಿಲ್ಲ.

ಒಂದು ಮಾತು ಕೇಳಲೇ? ಎಸೆಯಬೇಕೆಂದಿದ್ದ ಚೀಲಕ್ಕೆ ಹೊಸ ದಾರ ಪೋಣಿಸಿದವರು ಯಾರು? ಮೇಣ ತಿಕ್ಕಿ, ಎಳೆದರೆ ಜಾರುವ ಹಾಗೆ ಮಾಡಿದವರು ಯಾರು? ತಳಕ್ಕೆ ಒಳಗಿನಿಂದ ತೇಪೆ ಹಚ್ಚಿದ್ದೂ ಕಂಡೆ. ಅಮ್ಮನ ಹೊಲಿಗೆ ಹಾಗೆ ಸೊಟ್ಟಗಿರುವುದಿಲ್ಲ.

ಈಗ ಕೆಟ್ಟ ಸುದ್ದಿ. ಕಟ್ಟಡದ ಮೇಲ್ಛಾವಣಿ ಮುಗಿಯುತ್ತಾ ಬಂತು. ಇಪ್ಪತ್ತೆರಡನೇ ತಾರೀಕು ಕ್ರೇನ್ ಬಿಚ್ಚುತ್ತಾರೆ. ಮೊದಲು ಇಳಿಸುವುದೇ ಹಿಂದಿನ ದಿಮ್ಮಿಗಳನ್ನು. ಇನ್ನೊಂದು ಕ್ರೇನ್ ಬರುತ್ತದೆ, ಹತ್ತು ಜನ ಹತ್ತುತ್ತಾರೆ, ಸುತ್ತಿಗೆ, ಸರಪಳಿ, ಕೂಗಾಟ. ಮೇಡಂ ಹೆದರಿ ಹಾರುವುದು ಖಂಡಿತ. ಇಂಜಿನಿಯರಿಗೆ ಹೇಳಿದೆ. "ನಿಮ್ಮ ಬೆಕ್ಕಿಗೋಸ್ಕರ ತಾರೀಕು ಮುಂದಕ್ಕೆ ಹಾಕಕ್ಕಾಗಲ್ಲಮ್ಮ. ಇಪ್ಪತ್ತೊಂದರ ಸಂಜೆವರೆಗೂ ಏನು ಬೇಕಾದ್ರೂ ಮಾಡ್ಕೊಳ್ಳಿ" ಅಂದರು. ಒಳ್ಳೆಯವರೇ. ಅವರಿಗೂ ಮೇಲಿನವರಿದ್ದಾರೆ.

ಚೀಲದೊಳಗೆ ಒದ್ದಾಡುವ ಬೆಕ್ಕನ್ನು ಬೆನ್ನಿಗೆ ಹಾಕಿಕೊಂಡು ನಾನು ಏಣಿ ಇಳಿಯಲಾರೆ. ನಿಮ್ಮ ಬುತ್ತಿಯ ಹಾಗೆ ಹಗ್ಗದಲ್ಲೇ ಬಿಡಬೇಕು. ಗಾಳಿಗೆ ಚೀಲ ಕ್ರೇನಿನ ಕಂಬಕ್ಕೆ ಬಡಿಯದಂತೆ ಕೆಳಗಿನಿಂದ ಬಾಲದ ಹಗ್ಗ (ಅಮ್ಮಾ, ಚೀಲದಿಂದ ಕೆಳಕ್ಕೆ ಇಳಿಬಿಡುವ ಎರಡನೇ ಹಗ್ಗ) ಹಿಡಿದು ಎಳೆದುಕೊಳ್ಳುವವರು ಬೇಕು. ಇಲ್ಲಿ ಯಾರಿಗೂ ಆ ಅಭ್ಯಾಸವಿಲ್ಲ, ಸನ್ನೆ ಮಾಮನಿಗೂ ಇಲ್ಲ. ಹಿಡಿಯುವವರು ಇಡೀ ಹೊತ್ತು ತಲೆ ಎತ್ತಿ ನೋಡಬೇಕಾಗುತ್ತದೆ. ಆದ್ದರಿಂದ ನಿಮ್ಮನ್ನು ಕರೆಯುತ್ತಿಲ್ಲ. ಸುಮ್ಮನೆ ತಿಳಿಸಿದೆ.

ನಿಮ್ಮ ಮಗಳು


ಮಾರ್ಚ್ ೧೭

ಪುಟ್ಟೀ,

ನಿಮ್ಮಪ್ಪ ನಿನ್ನ ಕಾಗದಕ್ಕೆ ಉತ್ತರ ಬರೆಯುವುದಿಲ್ಲವಂತೆ. ನಾಲ್ಕು ದಿನದಿಂದ ತಮ್ಮ ಕನ್ನಡಕ ಸರಿಯಿಲ್ಲ ಅನ್ನುತ್ತಿದ್ದಾರೆ. ನಮ್ಮ ಬೀದಿಯಲ್ಲೇ ಎರಡು ಕನ್ನಡಕದಂಗಡಿ ಇವೆ. ಅವು ಆಗುವುದಿಲ್ಲವಂತೆ, ನಿಮ್ಮೂರಿನದೇ ಆಗಬೇಕಂತೆ. ಇಪ್ಪತ್ತೊಂದರ ಬೆಳಗಿನ ಬಸ್ಸಿಗೆ ಸೀಟು ಹಿಡಿಸಿದ್ದಾರೆ. ಕನ್ನಡಕ ಬದಲಿಸುವವರು ಅಟ್ಟದ ಮೇಲಿಂದ ಹಳೆಯ ಚರ್ಮದ ಕೈಗವಸು ತೆಗೆದು ಎಣ್ಣೆ ಹಚ್ಚುವುದನ್ನು ನಾನು ಇದೇ ಮೊದಲು ನೋಡಿದ್ದು. ನಾನು ಏನೂ ಕೇಳಲಿಲ್ಲ. ನೀನೂ ಕೇಳಬೇಡ.

ನಿನ್ನ ಅಮ್ಮ


ಮಾರ್ಚ್ ೨೨

ಅಮ್ಮಾ,

ಅಪ್ಪ ಮನೆ ಮುಟ್ಟಿ "ಹೋದೆ, ಬಂದೆ" ಎಂದು ಎರಡೇ ಮಾತಲ್ಲಿ ಮುಗಿಸಿರುತ್ತಾರೆ. ನನ್ನಿಂದ ಪೂರ್ತಿ ಕೇಳು. ಇದನ್ನೂ ಗಟ್ಟಿಯಾಗಿ ಓದು.

ನಿನ್ನೆ ಮಧ್ಯಾಹ್ನ ಕೊನೆಯ ಸಾಮಾನು ಎತ್ತಿಟ್ಟು ಕೆಲಸ ಮುಗಿಸಿದೆ. ಗೇಟಿನ ಹತ್ತಿರ ಒಬ್ಬರು ನೆಲ ನೋಡುತ್ತಾ ನಿಂತಿದ್ದರು. ಮೇಲಿಂದ ಬೋಳುತಲೆ ಮಾತ್ರ ಕಾಣುತ್ತಿತ್ತು. ನಾನು ಎಷ್ಟು ಎತ್ತರದಿಂದ ಬೇಕಾದರೂ ಆ ತಲೆಯ ಗುರುತು ಹಿಡಿಯುತ್ತೇನೆ. ಆಮೇಲೆ ಸನ್ನೆ ಮಾಮ ಹೇಳಿದರು, ಅಪ್ಪ ಅವರಿಗೆ "ಕನ್ನಡಕದಂಗಡಿ ಮುಚ್ಚಿತ್ತು, ಅದಕ್ಕೆ ಈ ಕಡೆ ಬಂದೆ" ಅಂದರಂತೆ. ತಲೆ ಎತ್ತದೆಯೇ ಕೈಗವಸು ಹಾಕಿಕೊಂಡರಂತೆ.

ನಾನು ಕ್ಯಾಬಿನ್ನಿನಲ್ಲಿ ಚೀಲದ ದಾರದ ತುದಿ ಹಿಡಿದು ಕೂತೆ. ಗಾಳಿ ಏಳತೊಡಗಿತ್ತು. ಅವತ್ತೇ ಮೇಡಂ ಬರಲೊಲ್ಲಳು! ಗಾಳಿಗೋ ಏನೋ, ಕೊನೆಯ ದಿಮ್ಮಿಯ ಮೇಲೆ ಕೂತು ಕೆಳಗಿನ ಜನರನ್ನೇ ನೋಡುತ್ತಿದ್ದಾಳೆ. ಕಾದೆ. ಮತ್ತೆ ಕಾದೆ. ಇಂಜಿನಿಯರ್ ಕೂಗಿದರು: "ಗಾಳಿ ಜಾಸ್ತಿ ಆಗ್ತಿದೆ. ಇನ್ನು ಸ್ವಲ್ಪ ಹೊತ್ತು ನೋಡ್ತೀನಿ, ಆಮೇಲೆ ಇಳೀಲೇಬೇಕು." ನನಗೆ ಅಳು ಬಂತು. ಬೆಳಗಾದರೆ ಅವಳು ಉಳಿಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ.

ಮೆಲ್ಲಗೆ ಹೋಗಿ ಮೋಟಾರು ಮುಟ್ಟಿ ನೋಡಿದೆ. ತಣ್ಣಗಾಗಿತ್ತು. ಥಟ್ಟನೆ ಹೊಳೆಯಿತು! ಬೆಚ್ಚಗಿಲ್ಲದ ಜಾಗಕ್ಕೆ ಅವಳೇಕೆ ಬರುತ್ತಾಳೆ? ದಾರವನ್ನೂ ಚೀಲವನ್ನೂ ವಿಂಚಿನಿಂದ ದೂರ ಸರಿಸಿ ಕಟ್ಟಿದೆ, ಹಾರ್ನ್ ಹೊಡೆದೆ, ಖಾಲಿ ಕೊಕ್ಕೆಯನ್ನು ಕೆಳಗೆ ಬಿಟ್ಟೆ. ಎತ್ತಿದೆ. ಮತ್ತೆ ಬಿಟ್ಟೆ, ಮತ್ತೆ ಎತ್ತಿದೆ. ಕೆಳಗೆ ಎಲ್ಲರಿಗೂ ನನಗೆ ತಲೆ ಕೆಟ್ಟಿತೆಂದೇ ಅನಿಸಿತಂತೆ. "ಏನ್ ಮಾಡ್ತಿದೀಯಮ್ಮ, ಯಾರಿಗೆ ಎತ್ತುತ್ತಿದೀಯ?" ಎಂದು ಸನ್ನೆ ಮಾಮ ಕೂಗಿದರು. ಆಗ ಅವರ ವಾಕಿಟಾಕಿಯಲ್ಲೇ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು: "ಸುಮ್ನಿರ್ರೀ. ಮೋಟ್ರು ಬಿಸಿ ಮಾಡ್ತಿದಾಳೆ."

ಅಪ್ಪನಿಗೆ ಒಬ್ಬರಿಗೇ ಅರ್ಥವಾಗಿತ್ತು, ಅಮ್ಮ.

ಮೋಟಾರು ಕಾವೇರಿದ ಮೇಲೆ ನಿಲ್ಲಿಸಿದೆ. ಕೊಕ್ಕೆ ಮೇಲೆ, ಟ್ರಾಲಿ ಒಳಗೆ, ಬ್ರೇಕು ಸಡಿಲ. ಚೀಲವನ್ನು ಅದರ ಜಾಗದಲ್ಲಿಟ್ಟು ಬಂದು ಕಲ್ಲಿನ ಹಾಗೆ ಕೂತೆ. ಮೇಡಂ ಎದ್ದಳು, ಮೈಮುರಿದಳು, ಯಾರಿಗೋ ಉಪಕಾರ ಮಾಡುವವಳ ಹಾಗೆ ನಡೆದುಬಂದಳು. ತಲೆ ಒಳಗೆ. ಮೈ ಒಳಗೆ. ಬಾಲ ಒಳಗೆ. ಎಳೆದೆ!

ಅಯ್ಯೋ, ಆ ಚೀಲ ಕುಣಿದ ಕುಣಿತ! ಓಡಿ ತಬ್ಬಿಕೊಂಡೆ. ಕ್ಯಾನ್ವಾಸಿನ ಮೇಲಿಂದಲೇ ಮೊಣಕೈಗೆ ಗೀರಿದಳು. ಉದ್ದ ಹಗ್ಗಕ್ಕೆ ಬಿಗಿದೆ, ಬಾಲದ ಹಗ್ಗವನ್ನು ಕೆಳಗೆ ಇಳಿಬಿಟ್ಟೆ, ಅದರ ತುದಿ ಅಪ್ಪನ ಕೈ ಸೇರಿತು. ಆಗ, ಅಮ್ಮಾ, ತಲೆ ಎತ್ತಿದರು. ಬೋಳುತಲೆ ಹೋಗಿ ಮುಖ ಬಂತು. ಅಷ್ಟು ದೂರದಿಂದ ಕಣ್ಣು ಮೂಗು ಕಾಣುವುದಿಲ್ಲ. ನನಗೆ ಕಂಡಿತು.

ಅವರ ಎರಡೂ ಕೈಯಲ್ಲಿ ಹಗ್ಗ, ಸನ್ನೆ ಮಾಡಲು ಕೈ ಇಲ್ಲ. ಸನ್ನೆ ಮಾಮ ವಾಕಿಟಾಕಿಯನ್ನು ಅವರ ಬಾಯಿಗೆ ಹಿಡಿದರು. "ಬಿಡು. ನಿಧಾನ. ಬಿಡು. ನಿಲ್ಲು, ಗಾಳಿ ಬಂತು. ಹೂಂ, ಈಗ ಬಿಡು." ಒಂದು ವರ್ಷದ ಮೇಲೆ ನನ್ನ ಜೊತೆ ಆಡಿದ ಮಾತು ಇಷ್ಟೇ. ನನಗೆ ಹೊಟ್ಟೆ ತುಂಬಿಹೋಯಿತು.

ಅರ್ಧ ದಾರಿಯಲ್ಲಿ ಗಾಳಿ ಜೋರಾಗಿ ಬೀಸಿ ಚೀಲವನ್ನು ಕಂಬದ ಕಡೆಗೆ ಎಸೆಯಿತು. ಅಪ್ಪ ಹಗ್ಗ ಎಳೆಯುತ್ತಾ ಹಿಂದೆ ಹಿಂದೆ ಓಡಿದರು. ಈ ವಯಸ್ಸಿನಲ್ಲಿ, ಮೇಲೆ ನೋಡಿಕೊಂಡು! ಹಿಂದೆ ಮರಳಿನ ರಾಶಿ ಇತ್ತು. ಎಲ್ಲರೂ ಕೂಗಿದರು. ಕಾಲು ತೊಡರಿ ಧೊಪ್ಪನೆ ರಾಶಿಯ ಮೇಲೆ ಕೂತುಬಿಟ್ಟರು. ಹಗ್ಗ ಬಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಕೂತಲ್ಲಿಂದಲೇ ಎಳೆದರು. ಚೀಲ ಕಂಬಕ್ಕೆ ತಗಲದೆ ದೂರ ಸರಿಯಿತು. "ನಿಲ್ಲಿಸ್ಬೇಡ, ಬಿಡ್ತಾ ಇರು, ನಾನಿದೀನಿ" ಅಂದರು. ಮೇಡಂ ಸೀದಾ ಅವರ ಮಡಿಲಿಗೇ ಇಳಿದಳು. ಕೆಳಗಿನವರ ಚಪ್ಪಾಳೆ, ಸಿಳ್ಳೆ! ಇಂಜಿನಿಯರ್ ಹೆಲ್ಮೆಟ್ ತೆಗೆದು ಬೀಸುತ್ತಿದ್ದರು. ಸೈಟಿನಲ್ಲಿ ಹೆಲ್ಮೆಟ್ ತೆಗೆದರೆ ನಮಗೆಲ್ಲ ಅವರೇ ದಂಡ ಹಾಕುವುದು.

ನಾನು ಏಣಿ ಇಳಿದು ಓಡಿಬಂದಾಗ ಅಪ್ಪ ಮರಳು ಕೊಡವಿಕೊಳ್ಳುತ್ತಿದ್ದರು. ನನ್ನ ಮೊಣಕೈಯ ಗೀರು ನೋಡಿದರು. "ಬ್ರೇಕು?" ಅಂದರು.

"ಸಡಿಲ ಬಿಟ್ಟು ಬಂದೆ ಅಪ್ಪ."

"ಹೂಂ."

ಅಷ್ಟೇ. ಚೀಲವನ್ನು ಕೆಳಗಿಡದೆ ಸಂಜೆಯ ಬಸ್ಸು ಹತ್ತಿಬಿಟ್ಟರು. ಮೇಡಂ ಅನ್ನು ನಿಮ್ಮಲ್ಲಿಗೆ ಒಯ್ಯುವ ಮಾತು ಆಗಿರಲೇ ಇಲ್ಲ. ಬಸ್ಸಿನ ಕಿಟಕಿಯಲ್ಲಿ ಅವರು ನನ್ನ ಕಡೆ ತಿರುಗಲಿಲ್ಲ. ಸೆಟೆದುಕೊಂಡು ಮುಂದಕ್ಕೇ ನೋಡುತ್ತಾ ಕೂತಿದ್ದರು. ಇನ್ನೂ ಸಿಟ್ಟೇ, ಅಮ್ಮ?

ನಿನ್ನ ಪುಟ್ಟಿ


ಏಪ್ರಿಲ್ ೩

ನನ್ನ ಪುಟ್ಟಿಗೆ,

ಮೇಡಂ ಕ್ಷೇಮ. ಬಂದ ದಿನವೇ ಬೀರುವಿನ ತಲೆಯ ಮೇಲೆ ಹತ್ತಿದವಳು ಊಟಕ್ಕೆ ಮಾತ್ರ ಇಳಿಯುತ್ತಾಳೆ. ಬೀದಿಯಲ್ಲಿ ಯಾರೇ ಹಾರ್ನ್ ಹೊಡೆಯಲಿ, ಎದ್ದು ಎರಡು ಹೆಜ್ಜೆ ಆಚೆ ಹೋಗಿ ಕೂರುತ್ತಾಳೆ. ಒಳ್ಳೆ ಅಭ್ಯಾಸ. ನಿಮ್ಮಮ್ಮ ಅವಳಿಗೆ ದಿಂಬು ಹೊಲಿದಿದ್ದಾಳೆ. ಮೇಡಂ ಈಗಲೂ ಚೀಲದಲ್ಲೇ ಮಲಗುವುದು.

ಖಾಲಿ ಕೊಕ್ಕೆ ಓಡಿಸಿ ಮೋಟಾರು ಬಿಸಿ ಮಾಡುವ ಉಪಾಯ ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಮೇಲೆ ಕೂತವನಿಗೂ ಹೊಳೆದಿರಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಯೋಚಿಸಿದೆ. ಬರೆದೆ.

ಬಸ್ಸಿನಲ್ಲಿ ನಿನ್ನ ಕಡೆ ಏಕೆ ತಿರುಗಲಿಲ್ಲವೆಂದು ಅಮ್ಮನನ್ನು ಕೇಳಿದ್ದೀಯಂತೆ. ತಿರುಗಲು ಆಗಲಿಲ್ಲ ಕಣೇ. ಕುತ್ತಿಗೆ ಹಿಡಿದುಕೊಂಡಿತ್ತು. ಇನ್ನೂ ಬಿಟ್ಟಿಲ್ಲ, ಪಟ್ಟಿ ಹಾಕಿಸಿಕೊಂಡು ಕೂತಿದ್ದೇನೆ. ಡಾಕ್ಟರು, "ಈ ವಯಸ್ಸಲ್ಲಿ ಅಷ್ಟು ಹೊತ್ತು ಮೇಲೆ ಏನು ನೋಡ್ತಿದ್ರಿ?" ಎಂದು ಗದರಿದರು. ಬೆಕ್ಕು ಎನ್ನಬಹುದಿತ್ತು.

"ನನ್ನ ಮಗಳನ್ನ" ಅಂದೆ.

ಮುಂದಿನ ಕ್ರೇನ್ ಎಲ್ಲಿ, ಎಷ್ಟು ಎತ್ತರ ಎಂದು ಬೇಗ ತಿಳಿಸು. ಬರೆಯುತ್ತಾ ಕೂರಬೇಡ, ಫೋನ್ ಮಾಡು. ನಾನೇ ಎತ್ತುತ್ತೇನೆ.

ಅಪ್ಪ